ಬಿಡಿ ಎಂಬ ಪದ ಬಿಟ್ಟ ಮಳೆಗಾಲ

ಹೋದ ತಿಂಗಳು ಕಾಸರಗೋಡಿನ ಕಡೆ ಒಂದು ಮದುವೆಗೆ ಹೋಗುವಾಗ ಜಾಲ್ಸೂರಿನಲ್ಲಿ ಬಸ್ಸು ಬದಲಿಸಬೇಕಾಯಿತು. ಸಣ್ಣಗೆ ಮಳೆ ಹನಿಯುತ್ತಿತ್ತು. ಕೊಡೆ ಬಿಚ್ಚಿ ರಸ್ತೆಯ ಬದಿಗೆ ಸರಿದು ನಿಂತೆ. ತಲೆಯ ಮೇಲೆ ದೊಡ್ಡ ಕಂಬಗಳ ಲೈನು ಹಾದುಹೋಗಿತ್ತು. ಬಿಸಿ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಅಲ್ಲಿಂದ ಒಂದು ಸದ್ದು ಬರುತ್ತಿತ್ತು, ಸುಂಯ್ಯೆಂದು, ಬಿಡದೆ. ಪಕ್ಕದಲ್ಲಿದ್ದವರು ಯಾರೂ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನಾನು ಮಾತ್ರ ಬಾಯಿ ತೆರೆದು ಮೇಲೆ ನೋಡುತ್ತಾ ನಿಂತುಬಿಟ್ಟೆ. ಅರವತ್ತರ ದಶಕದ ನಡುವಿನ ಒಂದು ಮಳೆಗಾಲವಿಡೀ ಆ ಸದ್ದಿನ ಜೊತೆಗೇ ನಾನು ಸಂಸಾರ ಮಾಡಿದ್ದೆ.

ಆಗ ನನಗೆ ಇಪ್ಪತ್ತನಾಲ್ಕು. ಮಂಡ್ಯದ ಕಡೆಯವನು. ಸುಳ್ಯದ ಹೊಸ ವಿದ್ಯುತ್ ಕೇಂದ್ರಕ್ಕೆ ಆಪರೇಟರ್ ಎಂದು ಹಾಕಿದಾಗ ಸುಳ್ಯ ಎಲ್ಲಿದೆ ಎಂದು ನಾಲ್ಕು ಜನರನ್ನು ಕೇಳಿ ಬಸ್ಸು ಹತ್ತಿದ್ದೆ. ಕೇಂದ್ರವೆಂದರೆ ಹಂಚಿನ ಒಂದು ಕೋಣೆ, ಬೇಲಿಯೊಳಗೆ ಗೊಣಗುವ ಒಂದು ಟ್ರಾನ್ಸ್‌ಫಾರ್ಮರ್, ಕೋಣೆಯ ಮೂಲೆಯಲ್ಲಿ ಬೂದು ಬಣ್ಣದ ಒಂದು ಪೆಟ್ಟಿಗೆ, ಅದಕ್ಕೊಂದು ಫೋನು. ಈ ಫೋನೇ ನನ್ನ ಕಥೆ. ಇದಕ್ಕೆ ಬೇರೆ ತಂತಿ ಇರಲಿಲ್ಲ. ಪುತ್ತೂರಿನಿಂದ ಸುಳ್ಯಕ್ಕೆ ಕರೆಂಟು ತರುವ ತಂತಿಯಲ್ಲೇ ಮಾತೂ ಹೋಗಬೇಕು. ಪೆಟ್ಟಿಗೆ ನಮ್ಮ ದನಿಯನ್ನು ರೇಡಿಯೋದ ಅಲೆಯ ಹಾಗೆ ಮಾಡಿ ಅದೇ ತಂತಿಗೆ ಹತ್ತಿಸುತ್ತಿತ್ತು. ಕರೆಂಟು ತನ್ನ ಪಾಡಿಗೆ ಬರುತ್ತದೆ, ಮಾತು ತನ್ನ ಪಾಡಿಗೆ ಹೋಗುತ್ತದೆ. ಬ್ಯಾಟರಿ ಇದ್ದುದರಿಂದ ಲೈನು ಸತ್ತಾಗಲೂ ಮಾತಾಡಬಹುದಿತ್ತು. ನಮ್ಮ ಲೈನ್‌ಮನ್ ಬೆಳ್ಯಪ್ಪ ಗೌಡರು ಮೊದಲ ದಿನವೇ ಪೆಟ್ಟಿಗೆಯನ್ನು ಸುತ್ತ ತಿರುಗಿ ನೋಡಿ, ಕರೆಂಟಿನ ಒಟ್ಟಿಗೆ ಹೋದರೆ ಮಾತು ಸುಟ್ಟು ಹೋಗುವುದಿಲ್ಲವೇ ಎಂದು ಕೇಳಿದ್ದರು. ನಾನು ದೊಡ್ಡದಾಗಿ ನಕ್ಕಿದ್ದೆ. ಅವರು ಕೇಳಿದ್ದು ಎಷ್ಟು ಸರಿ ಎಂದು ತಿಳಿಯಲು ಮಳೆಗಾಲ ಬರಬೇಕಾಯಿತು.

ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿತ್ತು. ಪುತ್ತೂರಿನ ಆಪರೇಟರ್ ಶೀನಪ್ಪಣ್ಣ, ನನಗಿಂತ ಹಿರಿಯರು, ಮನೆಮಾತು ತುಳು, ಮಾತಿನ ಮಲ್ಲ. ಮುಖ ನೋಡದಿದ್ದರೂ ಫೋನಿನಲ್ಲೇ ಸ್ನೇಹವಾಯಿತು. ಅವರ ಹಿತ್ತಲಿನ ಬಸಳೆಯ ಯೋಗಕ್ಷೇಮವೂ ನನಗೆ ಗೊತ್ತಿತ್ತು. ಜೂನಿನಲ್ಲಿ ಮಳೆ ಹಿಡಿಯಿತು ನೋಡಿ, ಶೀನಪ್ಪಣ್ಣ ಮಾಯವಾದರು. ಫೋನು ಎತ್ತಿದರೆ ಸುಂಯ್ಯೋ ಎಂಬ ಸದ್ದು, ನಡುನಡುವೆ ಚಟಪಟ, ಅದರ ಹಿಂದೆಲ್ಲೋ ಬಾವಿಗೆ ಬಿದ್ದವರ ಹಾಗೆ ಶೀನಪ್ಪಣ್ಣ.

ಕೇಳಿಸದಿದ್ದರೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕಿರುಚಿದೆ. ಬೆಳಿಗ್ಗೆ ಎಷ್ಟು ಲೋಡು, ಯಾವ ಸ್ವಿಚ್ಚು ಬಿತ್ತು ಎಂಬ ವರದಿ ಕೊಡುವ ಹೊತ್ತಿಗೆ ಎದುರಿನ ಕ್ಷೌರದ ಅಂಗಡಿಯಲ್ಲಿ ಕತ್ತರಿ ನಿಲ್ಲುತ್ತಿತ್ತು. ಇಲಾಖೆಯ ಗುಟ್ಟೆಲ್ಲ ಸುಳ್ಯ ಪೇಟೆಗೆ ಗೊತ್ತಾಗಿ, ಪುತ್ತೂರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಹೋಟೆಲಿನವರು ಒಂದು ದಿನ ಗೋಳಿಬಜೆ ಇಡುತ್ತಾ, ಆ ಫೋನು ಯಾಕೆ, ಕಿಟಕಿ ತೆರೆದು ಹೇಳಿದರೆ ಪುತ್ತೂರಿಗೆ ಇನ್ನೂ ಚೆನ್ನಾಗಿ ಕೇಳಬಹುದು ಎಂದು ಬಹಳ ಗಂಭೀರವಾಗಿ ಸಲಹೆ ಕೊಟ್ಟರು.

ನಗೆಯಲ್ಲೇ ಮುಗಿಯಬಹುದಿತ್ತು. ಆದರೆ ಆ ಫೋನು ಇದ್ದದ್ದು ಬಸಳೆಯ ಸುದ್ದಿಗಲ್ಲ. ಲೈನಿನಲ್ಲಿ ರಿಪೇರಿ ಇದ್ದರೆ ಪುತ್ತೂರಿನಲ್ಲಿ ಕರೆಂಟು ತೆಗೆಯಬೇಕು. ಆಮೇಲೆ ಬೆಳ್ಯಪ್ಪಣ್ಣ ತಂತಿಗಳನ್ನು ಕಬ್ಬಿಣದ ಚೈನಿನಿಂದ ನೆಲಕ್ಕೆ ಸೇರಿಸಿ ಕಂಬ ಹತ್ತಬೇಕು. ಕೆಲಸ ಮುಗಿಸಿ ಚೈನು ತೆಗೆದು ನನಗೆ ಚೀಟಿ ಕೊಟ್ಟ ಮೇಲೆ ನಾನು ಪುತ್ತೂರಿಗೆ ಹೇಳಬೇಕು, ಅವರು ಕರೆಂಟು ಬಿಡಬೇಕು. ಹೇಳಿದ್ದನ್ನು ಪುಸ್ತಕದಲ್ಲಿ ಬರೆದು, ಆ ಕಡೆಯವರಿಂದ ಮರಳಿ ಓದಿಸಿಕೊಳ್ಳಬೇಕೆಂಬ ನಿಯಮವಿತ್ತು. ಗಲಾಟೆಯಲ್ಲಿ ಒಂದು ಸಾಲು ಓದಿಸಲು ಅರ್ಧ ಗಂಟೆ ಹಿಡಿಯುತ್ತಿತ್ತು. ಹಾಗಾಗಿ ನಾನೂ ಶೀನಪ್ಪಣ್ಣನೂ ಮೆಲ್ಲಗೆ ಆ ನಿಯಮವನ್ನು ಕೈಬಿಟ್ಟಿದ್ದೆವು. ತಪ್ಪು ನಮ್ಮಿಬ್ಬರದೇ. ಅದರಲ್ಲೂ ನನ್ನದು ಹೆಚ್ಚು.

ಆ ದಿನ ಬೆಳ್ಯಪ್ಪಣ್ಣ ಪುತ್ತೂರು ದಾರಿಯ ಕಾವು ಎಂಬ ಊರಿನ ಈಚೆ ಒಡೆದ ಪಿಂಗಾಣಿ ಬದಲಿಸುತ್ತಿದ್ದರು. ಪಿಂಗಾಣಿ ಎಂದರೆ ತಂತಿ ಕಂಬಕ್ಕೆ ತಾಗದ ಹಾಗೆ ಹಿಡಿದುಕೊಳ್ಳುವ ಬಿಳಿಯ ಬುರುಡೆ. ಮಡಿಕೇರಿಯ ಕಡೆ ದೂರದಲ್ಲಿ ಗುಡುಗುತ್ತಿತ್ತು. ಚೈನು ಹಾಕಿದ್ದರಿಂದ ಫೋನಿನ ದನಿಯೂ ಕುಗ್ಗಿತ್ತು. ಮಧ್ಯಾಹ್ನದ ಹೊತ್ತಿಗೆ ಶೀನಪ್ಪಣ್ಣ ಕರೆದು ಏನೋ ಕೇಳಿದರು. ನನಗೆ ಕೇಳಿದ್ದು ಊಟ ಎಂಬ ಹಾಗೆ ಇತ್ತು. ಪಾಪ, ನನ್ನ ಊಟದ ಯೋಚನೆ ಮಾಡುತ್ತಾರಲ್ಲ ಎಂದುಕೊಂಡು, ಇಲ್ಲ ಬಿಡಿ, ಇನ್ನೂ ಆಗಿಲ್ಲ ಎಂದು ಕಿರುಚಿದೆ. ಅವರು ಕೇಳಿದ್ದು ಕೆಲಸ ಮುಗಿಯಿತಾ, ಕರೆಂಟು ಬಿಡ್ಲಾ ಎಂದು. ನನ್ನ ವಾಕ್ಯದ ಹಿಂದುಮುಂದನ್ನು ಗುಡುಗು ನುಂಗಿತು. ಪುತ್ತೂರಿಗೆ ಇಡಿಯಾಗಿ ಮುಟ್ಟಿದ್ದು ಒಂದೇ ಪದ: ಬಿಡಿ.

ಅವರು ಬಿಟ್ಟರು.

ಚೈನು ಇದ್ದುದರಿಂದ ಕರೆಂಟು ನೆಲಕ್ಕೆ ಹೋಯಿತು, ಪುತ್ತೂರಿನ ಸ್ವಿಚ್ಚು ಆ ಕ್ಷಣವೇ ಎಗರಿಬಿತ್ತು. ಕಂಬದ ಬುಡದಲ್ಲಿ ಢಂ ಎಂದು ಬೆಂಕಿ ಹಾರಿತಂತೆ. ಬೆಳ್ಯಪ್ಪಣ್ಣ ಕಂಬವನ್ನು ತಬ್ಬಿಕೊಂಡು ಅಲ್ಲೇ ಇದ್ದರಂತೆ. ಒಂದು ಕೂದಲೂ ಕೊಂಕಲಿಲ್ಲ. ತಲೆಯ ಮೇಲಿದ್ದ ಅಡಿಕೆ ಹಾಳೆಯ ಮುಟ್ಟಾಳೆ ಟೋಪಿ ಮಾತ್ರ ಹಾರಿ ತೋಡಿಗೆ ಬಿದ್ದು, ನೀರಿನಲ್ಲಿ ತೇಲಿ ಹೋಯಿತು.

ಸಂಜೆಯ ಬಸ್ಸಿನಲ್ಲಿ ಅವರು ಬಂದರು. ಬೈಯುತ್ತಾರೆ ಎಂದು ನಾನು ಕಾದಿದ್ದೆ. ಬೈಯಲಿಲ್ಲ. ಹೂಜಿಯಿಂದ ನೀರು ಕುಡಿದು, ಬೆಂಚಿನ ಮೇಲೆ ಕೂತು, ಸೊಂಟದ ಪಟ್ಟಿಯನ್ನೂ ಹಗ್ಗವನ್ನೂ ನನ್ನ ಮೇಜಿನ ಮೇಲೆ ಇಟ್ಟರು.

"ಆಪರೇಟ್ರೇ, ನಾನು ಕಂಬ ಹತ್ತುದು ನನ್ನ ಕಾಲಿನ ಧೈರ್ಯದಲ್ಲಿ ಅಲ್ಲ, ನಿಮ್ಮ ಬಾಯಿಯ ಧೈರ್ಯದಲ್ಲಿ. ನಿಮ್ಮ ಮಾತು ಸರಿಯಾಗಿ ಪುತ್ತೂರಿಗೆ ಮುಟ್ಟುವಲ್ಲಿವರೆಗೆ ನಾನು ಹತ್ತುದಿಲ್ಲ."

ನನಗೆ ಅಳು ಬಂತು. ಅದನ್ನು ಮುಚ್ಚಿಡುವುದೇಕೆ, ಅತ್ತೆ ಕೂಡ. ಅವರು ಎದ್ದು ಬಂದು ಬೆನ್ನು ತಟ್ಟಿ, ಚಾ ಕುಡಿಯುವ ಬನ್ನಿ ಎಂದು ಕರೆದರು. ಪಟ್ಟಿ ಮತ್ತು ಹಗ್ಗ ಮಾತ್ರ ಮೇಜಿನ ಮೇಲೇ ಉಳಿದವು.

ಅವರಿಲ್ಲದೆ ಆ ಲೈನು ಮಳೆಗಾಲ ದಾಟುವ ಹಾಗಿರಲಿಲ್ಲ. ಉಳಿದ ಇಬ್ಬರು ಲೈನ್‌ಮನ್‌ಗಳು ಹೊಸಬರು, ಅವರನ್ನು ಆ ಕಂಬಗಳಿಗೆ ಹತ್ತಿಸಲು ನನಗೇ ಮನಸ್ಸಾಗಲಿಲ್ಲ. ಹಾಗಾಗಿ ನಾನೂ ಶೀನಪ್ಪಣ್ಣನೂ ಆ ಮಾತಿನ ದಾರಿಯನ್ನು ರಿಪೇರಿ ಮಾಡಲು ಕೂತೆವು. ಅವರು ನನಗಿಂತ ಹೆಚ್ಚು ಕುಗ್ಗಿದ್ದರು. ಸ್ವಿಚ್ಚು ಹಾಕಿದ್ದು ಅವರ ಕೈ.

ಮೊದಲು ಕಿರುಚುವುದನ್ನು ನಿಲ್ಲಿಸಿದೆವು. ಕಿರುಚಿದರೆ ಪೆಟ್ಟಿಗೆಯೊಳಗೇ ದನಿ ಒಡೆದುಹೋಗುತ್ತಿತ್ತು, ಬಾಯಿ ಹತ್ತಿರ ಇಟ್ಟು ಮೆಲ್ಲಗೆ ಹೇಳಿದರೆ ವಾಸಿ. ಆಮೇಲೆ ದಿನಕ್ಕೆ ನೂರು ಪದ ಓದಿದೆವು. ನಾನು ಹೇಳುವುದು, ಅವರು ಕೇಳಿದ್ದನ್ನು ಬರೆದುಕೊಳ್ಳುವುದು, ವಾರದ ಕೊನೆಗೆ ಬಸ್ಸಿನಲ್ಲಿ ಕಾಗದ ಕಳಿಸುವುದು. ಆ ಕಾಗದಗಳನ್ನು ನಾನು ಜೋಪಾನವಾಗಿ ಇಟ್ಟುಕೊಂಡಿರಬೇಕಿತ್ತು. ನಾನು ಸಾಸಿವೆ ಎಂದದ್ದು ಅವರಿಗೆ ಆವೆ, ಹಸು ಎಂದದ್ದು ಬರೀ ಉಸಿರು. ಸ, ಶ, ಹ ಇದ್ದ ಪದಗಳೆಲ್ಲ ಸುಂಯ್ಯೆಂಬ ಸದ್ದಿನಲ್ಲಿ ಬೆರೆತುಹೋಗುತ್ತಿದ್ದವು. ಆ, ಊ, ಓ ಇದ್ದವು ಬದುಕುತ್ತಿದ್ದವು. ಇನ್ನೊಂದು ಸಂಗತಿಯೂ ಹೊಳೆಯಿತು. ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ ಎಂಬವೆಲ್ಲ ವಾಕ್ಯದ ಬಾಲದಲ್ಲಿ ಕೂತಿರುತ್ತವೆ. ಹೇಳುವವನ ಉಸಿರು ತಗ್ಗುವುದೂ ಅಲ್ಲೇ, ಗಲಾಟೆ ಮೊದಲು ತಿನ್ನುವುದೂ ಅದನ್ನೇ. ಬಿಡುವುದು ಬೇಡ ಎಂದು ಹೊರಟದ್ದು ಬಿಡುವುದು ಎಂದು ಮುಟ್ಟುತ್ತದೆ. ಹಾಗಾದರೆ ತುಳುವಿನಲ್ಲಿ ಮಾತಾಡುವ ಎಂದರು ಶೀನಪ್ಪಣ್ಣ. ತುಳುವಿನಲ್ಲಿ ಬೋಡು ಎಂದರೆ ಬೇಕು, ಬೊಡ್ಚಿ ಎಂದರೆ ಬೇಡ. ಬಾಲ ಕತ್ತರಿಸಿದರೆ ಅದೂ ಅದೇ ಕತೆ.

ಬಿಡಿ ಎಂಬ ಪದವನ್ನಂತೂ ಆ ಫೋನಿನಿಂದ ಗಡಿಪಾರು ಮಾಡಿದೆವು. ಕನ್ನಡದವನಿಗೆ ಅದು ಎಷ್ಟು ಕಷ್ಟ ಎಂದು ಬಿಟ್ಟು ನೋಡಿದವರಿಗೇ ಗೊತ್ತು. ಇರಲಿ ಬಿಡಿ, ಆಯ್ತು ಬಿಡಿ, ಹೋಗಲಿ ಬಿಡಿ, ಬಾಯಿ ತೆರೆದರೆ ಅದೇ. ಬಾಯಿ ತಪ್ಪಿದವನು ಬಸ್ಸಿನಲ್ಲಿ ಆಚೆಯವನಿಗೆ ಒಂದು ಕಟ್ಟು ವೀಳ್ಯದೆಲೆ ಕಳಿಸಬೇಕೆಂದು ಒಪ್ಪಂದವಾಯಿತು. ಎಲೆ ತಿನ್ನದ ನನ್ನ ಮೇಜಿನ ಮೇಲೆ ಎಲೆಗಳು ರಾಶಿ ಬಿದ್ದವು.

ನಮ್ಮ ಈ ಓದುವಿಕೆಯನ್ನು ಬೆಳ್ಯಪ್ಪಣ್ಣ ಬೆಂಚಿನ ಮೇಲೆ ಕೂತು ದಿನಾ ಕೇಳುತ್ತಿದ್ದರು. ಒಂದು ಮಧ್ಯಾಹ್ನ ನಾನು ಊ, ಓ ಎಂದು ರಾಗ ಎಳೆಯುತ್ತಿದ್ದಾಗ ಅವರಿಗೆ ನಗೆ ತಡೆಯಲಾಗಲಿಲ್ಲ. ಅವರ ಊರು ಮಂಡೆಕೋಲು. ಅಲ್ಲಿ ಒಂದು ಗುಡ್ಡೆಯಲ್ಲಿ ಒಂದು ಮನೆ, ಆಚೆ ಗುಡ್ಡೆಯಲ್ಲಿ ಇನ್ನೊಂದು ಮನೆ, ನಡುವೆ ಮಳೆಯ ಸದ್ದು.

"ನಮ್ಮಲ್ಲಿ ಗುಡ್ಡೆಯಿಂದ ಗುಡ್ಡೆಗೆ ಮಾತಾಡುದಲ್ಲ, ಕೂ ಹಾಕುದು" ಎಂದರು. "ಮಾತು ಮಳೆಗೆ ಕರಗ್ತದೆ. ಕೂ ಕರಗುದಿಲ್ಲ."

ಕೂ ಹಾಕುವುದಕ್ಕೂ ಒಂದು ಕ್ರಮ ಉಂಟು ಎಂದು ವಿವರಿಸಿದರು. ಆಚೆಯವನು ಅಷ್ಟೇ ಕೂ ಮರಳಿಸಿ ಓಗೊಡಬೇಕು. ಓಗೊಡುವವರೆಗೆ ಹೇಳಿದವನು ಹೇಳಿಲ್ಲ, ಕೇಳಿದವನು ಕೇಳಿಲ್ಲ. ಸರಿ, ಒಂದು ಉದ್ದದ ಕೂ ಎಂದರೆ ಕರೆಂಟು ಕೊಡಬಹುದು, ಎರಡು ಎಂದರೆ ಆಳು ಮೇಲಿದ್ದಾರೆ ಎಂದು ನಾನು ಉತ್ಸಾಹದಿಂದ ಬರೆದುಕೊಳ್ಳತೊಡಗಿದೆ. ಬೆಳ್ಯಪ್ಪಣ್ಣ ನನ್ನ ಪೆನ್ಸಿಲು ಹಿಡಿದು ನಿಲ್ಲಿಸಿದರು.

"ತಿರುಗಿಸಿ. ಒಂದು ಕೂ ಅಂದ್ರೆ ಆಳು ಮೇಲೆ. ಎರಡು ಅಂದ್ರೆ ಇಳಿದಾಯ್ತು. ಎರಡರಲ್ಲಿ ಒಂದು ದಾರಿಯಲ್ಲಿ ಕಳೆದುಹೋದ್ರೂ ಆಳು ಮೇಲೆ ಅಂತಲೇ ಕೇಳಬೇಕು. ಕಳೆದುಹೋದ್ರೆ ಕರೆಂಟು ಹೋಗ್ಲಿ, ಜೀವ ಹೋಗುದು ಬೇಡ."

ನಾನು ಡಿಪ್ಲೊಮಾ ಓದಿದವನು. ನನ್ನ ಯಾವ ಪುಸ್ತಕದಲ್ಲೂ ಇಷ್ಟು ಚೆಂದದ ಸಾಲು ಇರಲಿಲ್ಲ. ಎರಡು ಕೂ ಮುಟ್ಟಿ, ಮರಳಿ ಬಂದ ಮೇಲೆ ಪುಸ್ತಕ ತೆಗೆದು ಸಾಲು ಓದುವುದು, ಓದಿಸಿಕೊಳ್ಳುವುದು, ಎಷ್ಟು ಹೊತ್ತಾದರೂ ಸರಿ ಎಂದು ನಿಶ್ಚಯವಾಯಿತು.

ಆದರೆ ಗಲಾಟೆ ಎಲ್ಲಿಂದ ಬರುತ್ತದೆ? ಅದನ್ನು ಹೇಳಿಕೊಟ್ಟವರು ಇಬ್ರಾಯಿ ಬ್ಯಾರಿಗಳು. ಜಾಲ್ಸೂರಿನಲ್ಲಿ ಅವರದೊಂದು ದಿನಸಿ ಅಂಗಡಿ. ಮುಂಬಯಿಯಿಂದ ತಂದ ಟ್ರಾನ್ಸಿಸ್ಟರು ಆ ಸುತ್ತಿಗೇ ದೊಡ್ಡ ಸಂಗತಿ. ಮಳೆ ಶುರುವಾದಾಗಿನಿಂದ ಹಾಡಿನ ಹೊತ್ತಿಗೆ ಅದು ಬರೀ ಗುರ್ ಎನ್ನುತ್ತದೆ, ನಿಮ್ಮ ಕರೆಂಟು ನನ್ನ ಹಾಡು ತಿನ್ನುತ್ತಾ ಉಂಟು ಎಂದು ಬೆಳ್ಯಪ್ಪಣ್ಣನ ಹತ್ತಿರ ದೂರು ಹೇಳಿದರಂತೆ. ಆ ದೂರು ನನ್ನ ಕಿವಿಗೆ ಬಿದ್ದಾಗ ತಲೆಯೊಳಗೆ ದೀಪ ಹತ್ತಿತು. ನನ್ನ ಫೋನಿನಲ್ಲಿ ಬರುವುದೂ ಅವರ ರೇಡಿಯೋದಲ್ಲಿ ಬರುವುದೂ ಒಂದೇ ಗಲಾಟೆ. ಹಾಗಾದರೆ ರೇಡಿಯೋ ಹಿಡಿದು ಲೈನಿನ ಬುಡದಲ್ಲೇ ನಡೆದರೆ, ಎಲ್ಲಿ ಹೆಚ್ಚು ಗುರ್ ಎನ್ನುತ್ತದೋ ಅಲ್ಲೇ ಕಳ್ಳ.

ಬ್ಯಾರಿಗಳು ರೇಡಿಯೋವನ್ನು ಯಾರ ಕೈಗೂ ಕೊಡುವವರಲ್ಲ. ಹಾಗಾಗಿ ಅವರೇ ಬಂದರು. ಮುಂದೆ ಬೆಳ್ಯಪ್ಪಣ್ಣ ಕತ್ತಿಯಲ್ಲಿ ದಾರಿ ಬಿಡಿಸುತ್ತಾ, ಅವರ ಹಿಂದೆ ರೇಡಿಯೋವನ್ನು ಎದೆಗೆ ಅವುಚಿಕೊಂಡ ಬ್ಯಾರಿಗಳು, ಅವರ ಹಿಂದೆ ಅವರಿಗೆ ಕೊಡೆ ಹಿಡಿದ ನಾನು. ಕೊಡೆ ರೇಡಿಯೋಗೆ, ನಮಗಲ್ಲ. ಪುತ್ತೂರಿನ ಕಡೆಯಿಂದ ಹೊರಟು ಮೂರು ದಿನ ಗುಡ್ಡೆ ಹತ್ತಿ, ತೋಡು ದಾಟಿ, ಜಿಗಣೆಯಂಥ ಉಂಬುಳ ಕಚ್ಚಿಸಿಕೊಂಡು ನಡೆದೆವು. ರೇಡಿಯೋ ಒಂದೆರಡು ಕಡೆ ಗದರಿತು. ಅಲ್ಲಿ ಮರದ ಗೆಲ್ಲು ತಂತಿಗೆ ಒರಗುತ್ತಿತ್ತು, ಅದನ್ನು ಗುರುತು ಹಾಕಿಕೊಂಡೆವು. ಜಾಲ್ಸೂರು ಪೇಟೆಗೆ ಇನ್ನೂರು ಹೆಜ್ಜೆ ಇರುವಾಗ, ಬ್ಯಾರಿಗಳ ಅಂಗಡಿಯ ಹಿಂದಿನ ಕಂಬದ ಹತ್ತಿರ ಮಾತ್ರ ಅದು ಕಿವಿ ಹರಿಯುವ ಹಾಗೆ ಅರಚಿತು. ತಲೆಯೆತ್ತಿ ನೋಡಿದರೆ ಪಿಂಗಾಣಿಯಲ್ಲಿ ಕೂದಲಿನಂಥ ಬಿರುಕು, ಅದರ ಸುತ್ತ ನೀಲಿ ಮಿಣಿಮಿಣಿ. ಮೂರು ದಿನ ಹುಡುಕಿದ ಕಳ್ಳ ತನ್ನ ಹಿತ್ತಲಲ್ಲೇ ಇದ್ದ ಎಂದು ಬ್ಯಾರಿಗಳಿಗೆ ಬಹಳ ಬೇಜಾರಾಯಿತು.

ಕಂಬ ಗೊತ್ತಾಯಿತು. ಹತ್ತಬೇಕಾದವರು ಬೆಳ್ಯಪ್ಪಣ್ಣ. ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವರು ಕೇಂದ್ರಕ್ಕೆ ಬಂದು, ತಾವೇ ಫೋನು ಹಿಡಿದು ಒಂದು ಕೂ ಹಾಕಿದರು. ಒಂದು ಮರಳಿ ಬಂತು. ಎರಡು ಹಾಕಿದರು. ಎರಡು ಬಂತು. ನನ್ನ ಮುಖವನ್ನು ಒಂದು ಗಳಿಗೆ ನೋಡಿ ಪಟ್ಟಿಯನ್ನೂ ಹಗ್ಗವನ್ನೂ ಹೆಗಲಿಗೆ ಹಾಕಿಕೊಂಡು ಹೊರಟರು.

ಅದೇ ದಿನ ಬರಬೇಕೇ ನಮ್ಮ ಇಂಜಿನಿಯರ್ ಸಾಹೇಬರು? ಸುಳ್ಯದಲ್ಲಿ ಪದೇ ಪದೇ ಕರೆಂಟು ಹೋಗುತ್ತದೆಂಬ ದೂರು ಮಂಗಳೂರಿಗೆ ಮುಟ್ಟಿತ್ತು. ಪುತ್ತೂರಿನಲ್ಲಿ ಕರೆಂಟು ತೆಗೆದಾಗಿತ್ತು, ಬೆಳ್ಯಪ್ಪಣ್ಣ ಚೈನು ಹಾಕಿ ಕಂಬ ಹತ್ತಿದ್ದರು. ಸಾಹೇಬರು ಒಳಗೆ ಕಾಲಿಡುವ ಹೊತ್ತಿಗೆ ಪುತ್ತೂರಿನಿಂದ ಫೋನಿನ ಗಂಟೆ ಹೊಡೆಯಿತು. ನಾನು ಎದ್ದು ನಮಸ್ಕಾರ ಮಾಡಿ, ಫೋನು ಎತ್ತಿ, ಸರ್ಕಾರದ ಆ ಫೋನಿಗೆ ಕೂ ಎಂದು ಉದ್ದಕ್ಕೆ ಕೂಗಿದೆ. ಸಾಹೇಬರ ಮುಖ ನೋಡಬೇಕಿತ್ತು. ಇದೇನು ಕಾಡುಜನರ ಹಾಗೆ ಎಂದು ಗದರಿ, ಫೋನು ಕಿತ್ತುಕೊಂಡು, ಅಚ್ಚುಕಟ್ಟಾದ ಕಚೇರಿ ಕನ್ನಡದಲ್ಲಿ ಹೇಳಿದರು: ಸಿಬ್ಬಂದಿ ಕಂಬದ ಮೇಲಿದ್ದಾರೆ, ಲೈನನ್ನು ಚಾರ್ಜು ಮಾಡತಕ್ಕದ್ದಲ್ಲ.

ಆ ಕಡೆಯಿಂದ ಶೀನಪ್ಪಣ್ಣನ ದನಿ ತುಂಡುತುಂಡಾಗಿ ಬಂತು. ಪಾಪ, ಅದೇ ಮಾತನ್ನು ಮೂರು ಸಲ ಹೇಳಿದರು.

"ಚಾರ್ಜು ಮಾಡತಕ್ಕದ್ದು ಅಂತ ನನಗೆ ಕೇಳಿದ್ದು ಸಾರ್. ಆದ್ರೆ ನಾನು ಮಾಡುದಿಲ್ಲ. ನೀವು ಯಾರೇ ಆಗಿ, ಕೂ ಬರದೆ ನಾನು ಸ್ವಿಚ್ಚಿಗೆ ಕೈ ಹಾಕುದಿಲ್ಲ."

ಸಾಹೇಬರ ಹಣೆಯಲ್ಲಿ ಬೆವರು ಮೂಡಿತು. ವಾಕ್ಯದ ಬಾಲ ಎಲ್ಲಿ ಹೋಯಿತೆಂದು ಅವರಿಗೂ ಅರ್ಥವಾಗಿತ್ತು, ಜಾಲ್ಸೂರಿನ ಕಂಬದ ಮೇಲೆ ಒಬ್ಬ ಮನುಷ್ಯ ಇದ್ದಾನೆಂದೂ ಅರ್ಥವಾಗಿತ್ತು. ನನ್ನ ಕಡೆ ನೋಡಿದರು. ನಾನು ಒಂದು ಬೆರಳು ಎತ್ತಿ ತೋರಿಸಿದೆ. ಅವರು ಟೈ ಸಡಿಲಿಸಿ, ಕಣ್ಣು ಮುಚ್ಚಿ, ಕೂ ಹಾಕಿದರು. ಚೆನ್ನಾಗಿಯೇ ಹಾಕಿದರು. ಎದುರಿನ ಕ್ಷೌರದಂಗಡಿಯಲ್ಲಿ ಕತ್ತರಿ ನಿಂತಿತು. ಪುತ್ತೂರಿನಿಂದ ಒಂದು ಕೂ, ತೆಳ್ಳಗೆ, ಸ್ಪಷ್ಟವಾಗಿ ಮರಳಿತು. ಸಾಹೇಬರು ಫೋನಿಟ್ಟು, ಈ ಕ್ರಮವನ್ನು ಬರೆದು ಗೋಡೆಗೆ ಅಂಟಿಸಿ ಎಂದಷ್ಟೇ ಹೇಳಿ, ಗೋಳಿಬಜೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಬೆಳ್ಯಪ್ಪಣ್ಣ ಚೀಟಿ ಹಿಡಿದು ಬಂದಾಗ ಮೂರು ಗಂಟೆ. ಎರಡು ಕೂ ಹೋಯಿತು, ಎರಡು ಬಂತು, ಪುಸ್ತಕದ ಸಾಲು ಓದಿ ಓದಿಸಿಕೊಂಡದ್ದೂ ಆಯಿತು, ಟ್ರಾನ್ಸ್‌ಫಾರ್ಮರ್ ಗೊಣಗತೊಡಗಿತು. ಫೋನು ಕಿವಿಗಿಟ್ಟರೆ ಸುಂಯ್ಯೆಂಬ ಸದ್ದು ದೂರ ಸರಿದಿತ್ತು. ಪುತ್ತೂರಿನ ಹಂಚಿನ ಮಾಡಿನ ಮೇಲೆ ಮಳೆ ಬೀಳುವುದೂ ಕೇಳುತ್ತಿತ್ತು. ಅಷ್ಟು ದಿನದ ಮೇಲೆ ಮೊದಲ ಸಲ ಶೀನಪ್ಪಣ್ಣನ ಒಂದು ವಾಕ್ಯ ತಲೆಯಿಂದ ಬಾಲದವರೆಗೆ ನನಗೆ ಮುಟ್ಟಿತು. ಊಟ ಆಯ್ತಾ ಎಂದು ಕೇಳಿದರು. ಈ ಸಲ ಅವರು ನಿಜವಾಗಿಯೂ ಕೇಳಿದ್ದು ಅದನ್ನೇ.

ಮಳೆಗಾಲ ಮುಗಿದು, ಮರುವರ್ಷ ನನಗೆ ವರ್ಗವಾಯಿತು. ಆಮೇಲೆ ಎಷ್ಟೋ ದೊಡ್ಡ ಕೇಂದ್ರಗಳಲ್ಲಿ, ಎಷ್ಟೋ ಒಳ್ಳೆಯ ಪೆಟ್ಟಿಗೆಗಳ ಮುಂದೆ ಕೂತು ನಿವೃತ್ತನಾದೆ. ಬಿಡಿ ಎಂಬ ಪದ ಫೋನಿನಲ್ಲಿ ನನ್ನ ಬಾಯಿಂದ ಇವತ್ತಿಗೂ ಸಲೀಸಾಗಿ ಹೊರಡುವುದಿಲ್ಲ. ಹೆಂಡತಿ ಇದನ್ನು, ಏನನ್ನೂ ಬಿಡದ ನನ್ನ ಜಿಪುಣತನದ ಲೆಕ್ಕಕ್ಕೆ ಸೇರಿಸಿದ್ದಾಳೆ.

ಜಾಲ್ಸೂರಿನಲ್ಲಿ ಹೀಗೆ ಮೇಲೆ ನೋಡುತ್ತಾ ನಿಂತವನಿಗೆ ಬ್ಯಾರಿಗಳ ಅಂಗಡಿಯ ನೆನಪಾಯಿತು. ಅದು ಅಲ್ಲೇ ಇತ್ತು, ಅವರ ಮಗ ನಡೆಸುತ್ತಿದ್ದ. ಬೆಳ್ಯಪ್ಪ ಗೌಡರು ಎಂದೊಡನೆ ಅವನು ಅಂಗಡಿಯ ಜಗಲಿಯ ಕಡೆ ಕೈ ತೋರಿಸಿದ. ದಿನಾ ಈ ಹೊತ್ತಿಗೆ ಪೇಪರು ಓದಲು ಬರುತ್ತಾರಂತೆ. ಕಿವಿ ಮಾತ್ರ ಪೂರಾ ಮಂದ, ಬೊಬ್ಬೆ ಹಾಕಿದರೂ ಕೇಳುವುದಿಲ್ಲ ಎಂದ.

ನಾನು ಎದುರಿಗೆ ಹೋಗಿ ನಿಂತು ಹೆಸರು ಹೇಳಿದೆ, ಊರು ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತಿ ಯಾರೋ ದಾರಿ ಕೇಳುವವನೆಂಬ ಹಾಗೆ ನಕ್ಕರು. ಎರಡು ಬಸ್ಸುಗಳು ಒಟ್ಟಿಗೇ ಬುರ್ರೆನ್ನುತ್ತಿದ್ದವು. ಆಗ ನಾನು ಬಗ್ಗಿ, ಅವರ ಕಿವಿಯ ಹತ್ತಿರ, ಕಿರುಚದೆ, ಒಂದು ಉದ್ದದ ಕೂ ಹಾಕಿದೆ.

ಪೇಪರು ಕೆಳಗೆ ಬಿತ್ತು. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ಬಾಯಿ ತುಂಬ ಎರಡು ಕೂ ಮರಳಿಸಿದರು. "ಇಳಿದಾಯ್ತು ಆಪರೇಟ್ರೇ" ಎಂದರು. "ಇಳಿದು ತುಂಬ ವರ್ಷ ಆಯ್ತು." ಪೇಟೆಯವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಮ್ಮಿಬ್ಬರಿಗೂ ಕಣ್ಣು ಒದ್ದೆಯಾಗಿತ್ತು, ನಗೆ ಮಾತ್ರ ನಿಲ್ಲುತ್ತಿರಲಿಲ್ಲ.

ಕಂಡಕ್ಟರು ಸೀಟಿ ಊದಿದ. ಮದುವೆಗೆ ಹೊತ್ತಾಗಿತ್ತು. ಬಸ್ಸು ಹೊರಟಿತು, ಕೈ ಬಿಡಿ ಬೆಳ್ಯಪ್ಪಣ್ಣ, ಎಂದು ನಾನು ಬಾಯಿ ತಪ್ಪಿ ಅಂದುಬಿಟ್ಟೆ. ಅವರಿಗೆ ಕೇಳಲಿಲ್ಲವೋ, ಕೇಳಿಯೂ ಆ ಪದವನ್ನು ನಂಬಲಿಲ್ಲವೋ, ಗೊತ್ತಿಲ್ಲ. ಅವರು ಬಿಡಲಿಲ್ಲ. ಬಸ್ಸು ಹೋಯಿತು.